ಪೈಪ್‌ಲೈನ್‌ನಲ್ಲಿ ಟೆರಾಫಾರ್ಮ್ ಸ್ಟೇಟ್ ಲಾಕ್ ಪದೇ ಪದೇ ಉಳಿದುಬಿಡುತ್ತಿದೆ: ಫೋರ್ಸ್-ಅನ್‌ಲಾಕ್ ಹಂತವನ್ನು ಸೇರಿಸುವುದು ಸರಿಯೇ?

ಬೆಳ್ಳಿಚುಕ್ಕಿ (ಮೂಲ ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತಂಡದ ಕ್ಲೌಡ್ ಮೂಲಸೌಕರ್ಯವನ್ನೆಲ್ಲ ಟೆರಾಫಾರ್ಮ್‌ನಲ್ಲಿ (ಮೂಲಸೌಕರ್ಯವನ್ನು ಕೋಡ್ ಆಗಿ ಬರೆದು ಕಟ್ಟುವ ಸಾಧನ) ಬರೆದಿಟ್ಟಿದ್ದೇವೆ. ಮೇನ್ ಬ್ರಾಂಚಿಗೆ ಕೋಡ್ ಸೇರಿದ ಕೂಡಲೇ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಪೈಪ್‌ಲೈನ್ (ತಾನಾಗಿ ನಡೆಯುವ ಹಂತಗಳ ಸರಣಿ) ಓಡುತ್ತದೆ ಮತ್ತು ಎಡಬ್ಲ್ಯುಎಸ್ (ಅಮೆಜಾನ್‌ನ ಕ್ಲೌಡ್) ಖಾತೆಯ ಮೇಲೆ ಅಪ್ಲೈ ಆಗುತ್ತದೆ, ಅಂದರೆ ಕೋಡ್‌ನಲ್ಲಿರುವ ಬದಲಾವಣೆ ಅಲ್ಲಿ ಜಾರಿಯಾಗುತ್ತದೆ. ಟೆರಾಫಾರ್ಮ್ ತಾನು ಕಟ್ಟಿದ್ದರ ಲೆಕ್ಕ ಇಡುವ ಸ್ಟೇಟ್ ಫೈಲ್ ಎಸ್3 ಬಕೆಟ್‌ನಲ್ಲಿದೆ (ಎಡಬ್ಲ್ಯುಎಸ್‌ನ ಫೈಲ್ ಸಂಗ್ರಹ), ಲಾಕ್‌ಗಾಗಿ ಡೈನಮೋಡಿಬಿ (ಎಡಬ್ಲ್ಯುಎಸ್‌ನ ಡೇಟಾಬೇಸ್) ಟೇಬಲ್ ಇಟ್ಟಿದ್ದೇವೆ.

ಕೆಲವು ದಿನ ಎಲ್ಲವೂ ಸರಿಯಾಗಿ ನಡೆಯುತ್ತದೆ. ಇನ್ನು ಕೆಲವು ದಿನ "ಎರರ್ ಅಕ್ವೈರಿಂಗ್ ದ ಸ್ಟೇಟ್ ಲಾಕ್" ಎಂದೂ ಅದರ ಕೆಳಗೆ "ಕಂಡಿಷನಲ್ ಚೆಕ್ ಫೇಲ್ಡ್ ಎಕ್ಸೆಪ್ಷನ್" ಎಂದೂ ಬಂದು ಜಾಬ್ ನಿಂತುಹೋಗುತ್ತದೆ. ಮತ್ತೆ ಓಡಿಸಿದರೂ ಅದೇ ಕಥೆ. ಇದರಿಂದ ಬೇಸತ್ತು ತಂಡದವರೊಬ್ಬರು ಅಪ್ಲೈಗೆ ಮುಂಚೆ ಒಂದು ಹಂತವನ್ನು ಸೇರಿಸಿದ್ದಾರೆ. ಆ ಹಂತವು ದೋಷದ ಸಂದೇಶದಿಂದ ಲಾಕ್ ಐಡಿಯನ್ನು ಕತ್ತರಿಸಿ ತೆಗೆದು, ಅದನ್ನು ಫೋರ್ಸ್-ಅನ್‌ಲಾಕ್‌ಗೆ ಕೊಟ್ಟು, ಯಾರನ್ನೂ ಕೇಳದೆ ಲಾಕ್ ತೆರೆಯುತ್ತದೆ. ಅಂದಿನಿಂದ ಲಾಕ್ ದೋಷ ಕಾಣುತ್ತಿಲ್ಲ. ಆದರೆ ಅದರ ಬದಲಿಗೆ "ಎಂಟಿಟಿ ಆಲ್‌ರೆಡಿ ಎಕ್ಸಿಸ್ಟ್ಸ್" ಎಂಬ ದೋಷ ಆಗಾಗ ಬರುತ್ತಿದೆ. ಟೆರಾಫಾರ್ಮ್ ಈಗ ಸೃಷ್ಟಿಸಲು ಹೊರಟಿರುವ ಐಎಎಂ ರೋಲ್ (ಎಡಬ್ಲ್ಯುಎಸ್‌ನಲ್ಲಿ ಅನುಮತಿಗಳನ್ನು ಹೊತ್ತ ಗುರುತು) ಆಗಲೇ ಖಾತೆಯಲ್ಲಿ ಇದೆಯಂತೆ. ನಾವು ಯಾರೂ ಅದನ್ನು ಕೈಯಿಂದ ಮಾಡಿಲ್ಲ.

ಇವೆರಡೂ ಬೇರೆ ಬೇರೆ ಸಮಸ್ಯೆಗಳೇ? ಈ ಫೋರ್ಸ್-ಅನ್‌ಲಾಕ್ ಹಂತವನ್ನು ಉಳಿಸಿಕೊಳ್ಳಬಹುದೇ?

ಸೂತ್ರಧಾರ

ಬೆಳ್ಳಿಚುಕ್ಕಿಯವರೇ, ಬೇರೆ ಏನನ್ನೂ ಮಾಡುವ ಮೊದಲು ಆ ಹಂತವನ್ನು ತೆಗೆದುಹಾಕಿ. ಲಾಕ್ ಇರುವುದೇ ಒಂದೇ ಸ್ಟೇಟ್ ಫೈಲಿನ ಮೇಲೆ ಇಬ್ಬರು ಏಕಕಾಲಕ್ಕೆ ಬರೆಯದಿರಲಿ ಎಂದು. ಅದು ಅನಾಥವಾಗಿ ಉಳಿದ ಲಾಕೋ, ನಿಜವಾಗಿಯೂ ಓಡುತ್ತಿರುವ ಇನ್ನೊಂದು ಅಪ್ಲೈ ಹಿಡಿದಿರುವ ಲಾಕೋ ಎಂಬುದು ನಿಮ್ಮ ಸ್ಕ್ರಿಪ್ಟಿಗೆ ತಿಳಿಯುವುದಿಲ್ಲ. ಎರಡನೆಯದಾಗಿದ್ದರೆ ಎರಡು ಅಪ್ಲೈಗಳು ಒಂದರ ಮೇಲೊಂದು ಬರೆಯುತ್ತವೆ, ಕೊನೆಗೆ ಬರೆದದ್ದು ಮಾತ್ರ ಉಳಿಯುತ್ತದೆ, ಮೊದಲನೆಯದು ಸೃಷ್ಟಿಸಿದ ಸಂಪನ್ಮೂಲಗಳು ಖಾತೆಯಲ್ಲಿದ್ದೂ ಸ್ಟೇಟ್‌ನಲ್ಲಿ ಇಲ್ಲದಂತಾಗುತ್ತವೆ. ಡೈನಮೋಡಿಬಿ ಟೇಬಲ್‌ನಲ್ಲಿ ಲಾಕ್ ಜೊತೆಗೆ ಸ್ಟೇಟ್ ಫೈಲಿನ ಎಂಡಿ5 ಮೊತ್ತವೂ (ಫೈಲು ಬದಲಾಗಿದೆಯೇ ಎಂದು ತಿಳಿಸುವ, ಬೆರಳಚ್ಚಿನಂಥ ಸಂಖ್ಯೆ) ಇರುತ್ತದೆ. ಅದೂ ಫೈಲೂ ತಾಳೆಯಾಗದಿದ್ದರೆ ಎಸ್3ಯಲ್ಲಿರುವ ದತ್ತಾಂಶ ನಿರೀಕ್ಷಿಸಿದಂತಿಲ್ಲ ಎಂಬ ಇನ್ನೊಂದು ದೋಷ ಶುರುವಾಗುತ್ತದೆ, ಅದನ್ನು ಬಿಡಿಸುವುದು ಇದಕ್ಕಿಂತ ಕಷ್ಟ.

ನಿಮ್ಮ ಎರಡು ದೋಷಗಳು ಒಂದೇ ಮೂಲದವು ಎಂದು ನನಗೆ ಅನುಮಾನವಿದೆ. ಖಚಿತಪಡಿಸಿಕೊಳ್ಳಲು ಎರಡು ಮಾಹಿತಿ ಬೇಕು. ಲಾಕ್ ದೋಷದ ಕೆಳಗೆ "ಲಾಕ್ ಇನ್ಫೋ" ಎಂಬ ಭಾಗ ಇರುತ್ತದೆ. ಐಡಿ, ಪಾತ್, ಆಪರೇಷನ್, ಹೂ, ವರ್ಷನ್, ಕ್ರಿಯೇಟೆಡ್ ಎಂಬ ಸಾಲುಗಳು ಅಲ್ಲಿವೆ. ಹೆಚ್ಚಿನವರು ಐಡಿಯನ್ನು ನಕಲಿಸಿಕೊಂಡು ಉಳಿದದ್ದನ್ನು ಓದದೆ ಬಿಡುತ್ತಾರೆ, ಆದರೆ ರೋಗ ಗೊತ್ತಾಗುವುದು ಆಪರೇಷನ್, ಹೂ, ಕ್ರಿಯೇಟೆಡ್ ಎಂಬ ಮೂರು ಸಾಲುಗಳಿಂದಲೇ. ಅವುಗಳನ್ನು ಇಲ್ಲಿ ಹಾಕಿ. ಹಾಗೆಯೇ, ವರ್ಕ್‌ಫ್ಲೋ ಫೈಲಿನಲ್ಲಿ (ಪೈಪ್‌ಲೈನ್‌ನ ಹಂತಗಳನ್ನು ಬರೆದಿಡುವ ಫೈಲ್) ಕಾನ್‌ಕರೆನ್ಸಿ ಎಂಬ ಭಾಗ (ಒಂದೇ ಗುಂಪಿನ ಜಾಬ್‌ಗಳು ಏಕಕಾಲಕ್ಕೆ ಓಡದಂತೆ ತಡೆಯುವ ನಿಯಮ) ಇದೆಯೇ, ಇದ್ದರೆ ಅದರಲ್ಲಿ ಏನಿದೆ ಎಂಬುದನ್ನೂ ತಿಳಿಸಿ.

ಅಳಿಲು

ನಮ್ಮಲ್ಲಿಯೂ ಲಾಕ್ ದೋಷ ಬರುತ್ತಿತ್ತು. ಲಾಕ್-ಟೈಮ್‌ಔಟ್ ಆಯ್ಕೆಗೆ ಐದು ನಿಮಿಷ ಕೊಟ್ಟ ಮೇಲೆ ನಿಂತಿತು. ಇದನ್ನು ಪ್ರಯತ್ನಿಸಬಹುದಲ್ಲವೇ?

ಸೂತ್ರಧಾರ

ಅಳಿಲು ಅವರೇ, ನಿಮ್ಮಲ್ಲಿ ಇದ್ದದ್ದು ಸರದಿಯ ತೊಂದರೆ. ಒಬ್ಬರ ಪ್ಲಾನ್ (ಏನೇನು ಬದಲಾಗಲಿದೆ ಎಂದು ಅಪ್ಲೈಗೆ ಮುಂಚೆ ತೋರಿಸುವ ಹಂತ) ಮುಗಿಯುವ ಮುನ್ನ ಇನ್ನೊಬ್ಬರ ಪ್ಲಾನ್ ಬಂದಿರುತ್ತದೆ, ಸ್ವಲ್ಪ ಕಾದರೆ ಲಾಕ್ ಸಿಗುತ್ತದೆ. ಪ್ಲಾನ್ ಕೂಡ ರೂಢಿಯಾಗಿ ಲಾಕ್ ಹಿಡಿಯುತ್ತದೆ ಎಂಬುದು ಹಲವರ ಗಮನಕ್ಕೆ ಬಂದಿರುವುದಿಲ್ಲ. ಪುಲ್ ರಿಕ್ವೆಸ್ಟ್‌ಗಳ (ಕೋಡ್ ಸೇರಿಸುವ ಮುನ್ನ ಪರಿಶೀಲನೆಗೆ ಇಡುವ ಕೋರಿಕೆ) ಮೇಲೆ ಕೇವಲ ನೋಡುವುದಕ್ಕೆಂದು ಓಡುವ ಪ್ಲಾನ್‌ಗೆ ಲಾಕ್ ಬೇಡವೆಂದು ಹೇಳಿದರೂ ನಡೆಯುತ್ತದೆ, ಏಕೆಂದರೆ ಅದರ ಫಲಿತಾಂಶವನ್ನು ಯಾರೂ ಅಪ್ಲೈ ಮಾಡುವುದಿಲ್ಲ. ಆದರೆ ಹಿಡಿದ ಪ್ರಕ್ರಿಯೆಯೇ ಸತ್ತುಹೋಗಿರುವ ಲಾಕ್‌ಗಾಗಿ ಐದು ನಿಮಿಷವಲ್ಲ, ಐದು ದಿನ ಕಾದರೂ ಅದು ಬಿಡುಗಡೆಯಾಗುವುದಿಲ್ಲ. ಡೈನಮೋಡಿಬಿಯ ಆ ಸಾಲಿಗೆ ತಾನಾಗಿ ತೀರುವ ಅವಧಿ ಎಂಬುದು ಇಲ್ಲ.

ಬೆಳ್ಳಿಚುಕ್ಕಿ

ಸೂತ್ರಧಾರರೇ, ಧನ್ಯವಾದಗಳು. ಫೋರ್ಸ್-ಅನ್‌ಲಾಕ್ ಹಂತವನ್ನು ತೆಗೆದಿದ್ದೇವೆ. ಹಳೆಯ ಲಾಗ್‌ಗಳಿಂದ ಹೆಕ್ಕಿದ ಮಾಹಿತಿ ಹೀಗಿದೆ. ಆಪರೇಷನ್ ಎಂಬಲ್ಲಿ ಪ್ರತಿ ಬಾರಿಯೂ ಅಪ್ಲೈ ಎಂದೇ ಇದೆ. ಹೂ ಎಂಬಲ್ಲಿ ರನ್ನರ್, ಅಂದರೆ ಜಾಬ್ ಓಡಿಸುವ ಯಂತ್ರದ ಹೆಸರಿದೆ, ನಮ್ಮ ಯಾರ ಲ್ಯಾಪ್‌ಟಾಪೂ ಅಲ್ಲ. ಕ್ರಿಯೇಟೆಡ್ ಎಂಬಲ್ಲಿರುವ ಸಮಯವನ್ನು ಪೈಪ್‌ಲೈನ್ ಇತಿಹಾಸದ ಜೊತೆ ಹೋಲಿಸಿದೆ. ಆ ಹೊತ್ತಿಗೆ ಓಡುತ್ತಿದ್ದ ಜಾಬ್‌ಗಳ ಸ್ಥಿತಿ "ಫೇಲ್ಡ್" ಅಲ್ಲ, "ಕ್ಯಾನ್ಸಲ್ಡ್" ಎಂದಿದೆ. ನಾವು ಯಾರೂ ಅವುಗಳನ್ನು ರದ್ದು ಮಾಡಿದ ನೆನಪಿಲ್ಲ.

ಕಾನ್‌ಕರೆನ್ಸಿ ಭಾಗವಿದೆ. ಗುಂಪಿನ ಹೆಸರು ಬ್ರಾಂಚಿನ ಹೆಸರಿನಿಂದ ಬರುತ್ತದೆ, ಕ್ಯಾನ್ಸಲ್-ಇನ್-ಪ್ರೋಗ್ರೆಸ್ ಎಂಬುದಕ್ಕೆ ಟ್ರೂ ಎಂದಿದೆ. ಪರೀಕ್ಷೆಗಳನ್ನು ಓಡಿಸುವ ವರ್ಕ್‌ಫ್ಲೋದಿಂದ ಈ ಭಾಗ ಇಲ್ಲಿಗೆ ಬಂದಂತೆ ಕಾಣುತ್ತದೆ.

ಸೂತ್ರಧಾರ

ಕಾರಣ ಸಿಕ್ಕಿತು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದೇ ಎಡವಟ್ಟು ಬೇರೆ ಬೇರೆ ವೇಷದಲ್ಲಿ ಬರುತ್ತದೆ.

ಪರೀಕ್ಷೆ ಓಡಿಸುವ ಜಾಬ್ ಯಾವಾಗ ಸತ್ತರೂ ಹಾನಿಯಿಲ್ಲ. ಹೊಸ ಕಮಿಟ್ ಬಂದರೆ ಹಳೆಯ ಪರೀಕ್ಷೆಯನ್ನು ಅರ್ಧಕ್ಕೆ ನಿಲ್ಲಿಸುವುದು ಜಾಣತನವೇ ಸರಿ. ಅಪ್ಲೈ ಹಾಗಲ್ಲ. ಕ್ಯಾನ್ಸಲ್-ಇನ್-ಪ್ರೋಗ್ರೆಸ್ ಟ್ರೂ ಇದ್ದಾಗ, ಒಂದು ಅಪ್ಲೈ ನಡೆಯುತ್ತಿರುವಾಗಲೇ ನಿಮ್ಮ ಸಹೋದ್ಯೋಗಿ ಇನ್ನೊಂದು ಕೋಡ್ ಸೇರಿಸಿದರೆ, ನಡೆಯುತ್ತಿರುವ ಜಾಬ್ ರದ್ದಾಗುತ್ತದೆ. ರದ್ದು ಎಂದರೆ ಒಮ್ಮೆಲೇ ಕೊಲ್ಲುವುದಲ್ಲ. ರನ್ನರ್ ಮೊದಲು ಸಿಗ್‌ಇಂಟ್ ಎಂಬ ಸಂಕೇತವನ್ನು ಕಳುಹಿಸಿ 7,500 ಮಿಲಿಸೆಕೆಂಡ್ ಕಾಯುತ್ತದೆ, ಆಮೇಲೆ ಸಿಗ್‌ಟರ್ಮ್ ಕಳುಹಿಸಿ ಇನ್ನೂ 2,500 ಮಿಲಿಸೆಕೆಂಡ್ ಕಾಯುತ್ತದೆ, ಅಷ್ಟರಲ್ಲಿ ಮುಗಿಯದಿದ್ದರೆ ಪ್ರಕ್ರಿಯೆಗಳನ್ನೆಲ್ಲ ಬಲವಂತವಾಗಿ ನಿಲ್ಲಿಸುತ್ತದೆ. ಒಟ್ಟು ಹತ್ತು ಸೆಕೆಂಡ್. ಟೆರಾಫಾರ್ಮ್ ಸಿಗ್‌ಇಂಟ್ ಅನ್ನು ಗೌರವಿಸುತ್ತದೆ: ಹೊಸ ಕೆಲಸವನ್ನು ಆರಂಭಿಸದೆ, ಕೈಯಲ್ಲಿರುವುದರಿಂದ ಬಿಡಿಸಿಕೊಂಡು, ಸ್ಟೇಟ್ ಬರೆದು, ಲಾಕ್ ಬಿಟ್ಟು ಹೊರಬರಲು ಯತ್ನಿಸುತ್ತದೆ. ಆದರೆ ಡೇಟಾಬೇಸ್ ಒಂದನ್ನು ಸೃಷ್ಟಿಸಲು ಹಲವು ನಿಮಿಷಗಳೇ ಬೇಕಾಗುವ ಕಡೆ ಹತ್ತು ಸೆಕೆಂಡ್ ಸಾಲುತ್ತದೆಂದು ಭರವಸೆ ಇಡುವಂತಿಲ್ಲ. ಅದೂ ಅಲ್ಲದೆ ಸಂಕೇತ ಹೋಗುವುದು ಜಾಬ್‌ನ ಮೊದಲ ಪ್ರಕ್ರಿಯೆಗೆ. ನೀವು ಟೆರಾಫಾರ್ಮ್ ಅನ್ನು ಒಂದು ಶೆಲ್ ಸ್ಕ್ರಿಪ್ಟಿನ ಒಳಗಿಂದ ಕರೆದಿದ್ದು, ಆ ಶೆಲ್ ಸಂಕೇತವನ್ನು ಮುಂದಕ್ಕೆ ದಾಟಿಸದಿದ್ದರೆ, ಟೆರಾಫಾರ್ಮ್‌ಗೆ ಎಚ್ಚರಿಕೆಯೇ ಮುಟ್ಟದೆ ನೇರವಾಗಿ ಕೊನೆಯ ಏಟು ಬೀಳುತ್ತದೆ. ಸ್ಕ್ರಿಪ್ಟಿನ ಕೊನೆಯ ಆದೇಶವನ್ನು ಎಕ್ಸೆಕ್ (ಶೆಲ್‌ನ ಜಾಗದಲ್ಲೇ ಆ ಆದೇಶವನ್ನು ಕೂರಿಸುವ ವಿಧಾನ) ಮೂಲಕ ಕರೆಯುವುದು ಇದಕ್ಕೆ ಅಗ್ಗದ ಪರಿಹಾರ.

ಹೀಗೆ ಸತ್ತ ಅಪ್ಲೈ ಎರಡು ಗುರುತುಗಳನ್ನು ಬಿಟ್ಟುಹೋಗುತ್ತದೆ. ಒಂದು, ಬಿಡುಗಡೆಯಾಗದ ಲಾಕ್. ಇನ್ನೊಂದು, ಸ್ಟೇಟ್‌ಗೆ ಸೇರದ ಸಂಪನ್ಮೂಲ. ಟೆರಾಫಾರ್ಮ್ ನಡುನಡುವೆ ಸ್ಟೇಟ್ ಅನ್ನು ಎಸ್3ಗೆ ಬರೆಯುತ್ತದೆ ನಿಜ, ಆದರೆ ಪ್ರತಿ ಸಂಪನ್ಮೂಲದ ಬೆನ್ನಿಗೇ ಅಲ್ಲ. ಐಎಎಂ ರೋಲ್ ಸೃಷ್ಟಿಯಾಗಿ, ಅದು ಸ್ಟೇಟ್‌ಗೆ ಬರೆಯಲ್ಪಡುವ ಮುನ್ನ ಪ್ರಕ್ರಿಯೆ ಸತ್ತರೆ, ಎಡಬ್ಲ್ಯುಎಸ್‌ಗೆ ಆ ರೋಲ್ ಗೊತ್ತು, ಟೆರಾಫಾರ್ಮ್‌ಗೆ ಗೊತ್ತಿಲ್ಲ. ಮುಂದಿನ ಓಟದಲ್ಲಿ ಅದು ಮತ್ತೆ ಸೃಷ್ಟಿಸಲು ಹೊರಟು "ಆಲ್‌ರೆಡಿ ಎಕ್ಸಿಸ್ಟ್ಸ್" ಎಂಬ ಉತ್ತರ ಪಡೆಯುತ್ತದೆ. ನಿಮ್ಮ ಎರಡನೇ ದೋಷ ಹುಟ್ಟಿದ್ದು ಇಲ್ಲಿ. ಲಾಕ್ ದೋಷ ನಿಮ್ಮನ್ನು ತಡೆದು ಈ ಸಂಗತಿಯನ್ನು ಹೇಳಲು ನಿಂತಿತ್ತು, ಆ ಹಂತ ಅದರ ಬಾಯಿ ಮುಚ್ಚಿಸಿತು.

ಸರಿಪಡಿಸುವ ಕ್ರಮ: ಅಪ್ಲೈ ಜಾಬ್‌ಗೆ ಪ್ರತ್ಯೇಕ ಕಾನ್‌ಕರೆನ್ಸಿ ಗುಂಪು ಕೊಡಿ. ಗುಂಪಿನ ಹೆಸರು ಬ್ರಾಂಚಿನಿಂದಲ್ಲ, ಸ್ಟೇಟ್‌ನಿಂದ ಬರಲಿ. ಒಂದು ಸ್ಟೇಟ್‌ಗೆ ಒಂದು ಗುಂಪು ಎಂಬುದು ನೆನಪಿಡಲೂ ಸುಲಭ. ಕ್ಯಾನ್ಸಲ್-ಇನ್-ಪ್ರೋಗ್ರೆಸ್ ಫಾಲ್ಸ್ ಆಗಲಿ. ಗಿಟ್‌ಲ್ಯಾಬ್ ಬಳಸುವವರಿಗೆ ಇದೇ ಕೆಲಸವನ್ನು ರಿಸೋರ್ಸ್ ಗ್ರೂಪ್ ಮಾಡುತ್ತದೆ.

ಇನ್ನು ಈಗಾಗಲೇ ಆಗಿರುವ ಗಾಯದ ವಿಷಯ. ಆ ಸ್ಟೇಟ್ ಮೇಲೆ ಯಾವ ಜಾಬೂ ಓಡುತ್ತಿಲ್ಲ ಎಂಬುದನ್ನು ಕಣ್ಣಾರೆ ನೋಡಿ, ಆಮೇಲೆ ಒಬ್ಬರೇ, ಒಂದೇ ಕಡೆಯಿಂದ, ಲಾಕ್ ಐಡಿ ಕೊಟ್ಟು ತೆರೆಯಿರಿ. ಕೂಡಲೇ ಅಪ್ಲೈ ಮಾಡಬೇಡಿ, ಪ್ಲಾನ್ ಮಾಡಿ ಪೂರ್ತಿ ಓದಿ. ಸೃಷ್ಟಿಸುತ್ತೇನೆ ಎಂದು ಪ್ಲಾನ್ ಹೇಳುವ ಪ್ರತಿಯೊಂದೂ ಖಾತೆಯಲ್ಲಿ ಆಗಲೇ ಇದೆಯೇ ಎಂದು ನೋಡಿ. ಇರುವುದನ್ನು ಇಂಪೋರ್ಟ್ ಮಾಡಿ, ಅಂದರೆ ಸ್ಟೇಟ್‌ಗೆ ಸೇರಿಸಿಕೊಳ್ಳಿ. ಟೆರಾಫಾರ್ಮ್ 1.5ರಿಂದ, ಅಂದರೆ 2023ರಿಂದ, ಇಂಪೋರ್ಟ್ ಬ್ಲಾಕ್ ಅನ್ನು ಕೋಡ್‌ನಲ್ಲೇ ಬರೆಯಬಹುದಾದ್ದರಿಂದ ಅದೂ ಪುಲ್ ರಿಕ್ವೆಸ್ಟ್ ಮೂಲಕವೇ ಹೋಗಲಿ. ಐಎಎಂ ರೋಲ್‌ಗೆ ಅದರ ಹೆಸರೇ ಇಂಪೋರ್ಟ್ ಐಡಿ. ಖಾತೆಗೆ ಹೋಗಿ ರೋಲ್ ಅನ್ನು ಅಳಿಸಿಬಿಟ್ಟರೆ ಬೇಗ ಮುಗಿಯುತ್ತದೆ ಎಂದು ಯಾರಾದರೂ ಹೇಳಬಹುದು. ರೋಲ್ ಮಟ್ಟಿಗೆ ಅದು ನಡೆದೀತು, ಆದರೆ ಆ ಅಭ್ಯಾಸ ಬೆಳೆದ ತಂಡ ಮುಂದೊಂದು ದಿನ ಡೇಟಾಬೇಸ್‌ಗೂ ಅದನ್ನೇ ಮಾಡುತ್ತದೆ.

ನಿಶಾಚರ

ಸೂತ್ರಧಾರರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಒಂದು ತಕರಾರಿದೆ. ರಾತ್ರಿ ಪಾಳಿಯಲ್ಲಿ ಇರುವವರಿಗೆ ಪ್ರತಿಯೊಂದು ಲಾಕನ್ನೂ ಕೈಯಿಂದ ಪರಿಶೀಲಿಸುತ್ತ ಕೂರುವುದು ಕಾರ್ಯಸಾಧ್ಯವಲ್ಲ. ರನ್ನರ್ ಯಂತ್ರವೇ ಕೆಟ್ಟು ಜಾಬ್ ಸಾಯುವುದೂ ಉಂಟು, ಆಗ ಯಾವ ಕಾನ್‌ಕರೆನ್ಸಿ ನಿಯಮವೂ ಕಾಪಾಡುವುದಿಲ್ಲ. ಲಾಕ್‌ನ ಕ್ರಿಯೇಟೆಡ್ ಸಮಯವು ಜಾಬ್‌ನ ಗರಿಷ್ಠ ಅವಧಿಗಿಂತ ಹಳೆಯದಾಗಿದ್ದರೆ ಮಾತ್ರ ತಾನಾಗಿ ತೆರೆಯುವಂತೆ ಮಾಡಿದರೆ ತಪ್ಪೇನು? ಅವಧಿ ಮೀರಿದ ಜಾಬ್ ಜೀವಂತವಾಗಿರಲು ಸಾಧ್ಯವೇ ಇಲ್ಲವಲ್ಲ.

ಸೂತ್ರಧಾರ

ನಿಶಾಚರರೇ, ತರ್ಕ ಸರಿಯಾಗಿದೆ, ಎರಡು ಷರತ್ತುಗಳೊಂದಿಗೆ. ಮೊದಲನೆಯದು, ಆ ಗರಿಷ್ಠ ಅವಧಿಯನ್ನು ನೀವೇ ನಿಗದಿಪಡಿಸಿರಬೇಕು. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಟೈಮ್‌ಔಟ್-ಮಿನಿಟ್ಸ್ ಬರೆಯದಿದ್ದರೆ ಅದು 360 ನಿಮಿಷ. ಎರಡನೆಯದು, ಲಾಕ್ ಹಿಡಿದವರು ರನ್ನರ್ ಆಗಿರಬೇಕು. ಹೂ ಎಂಬಲ್ಲಿ ಯಾರದೋ ಲ್ಯಾಪ್‌ಟಾಪ್ ಹೆಸರಿದ್ದರೆ ಜಾಬ್ ಅವಧಿಯ ಲೆಕ್ಕ ಅಲ್ಲಿ ನಡೆಯದು.

ಇಷ್ಟಾದರೂ ನನ್ನ ಮತವೆಂದರೆ, ಹಳೆಯ ಲಾಕ್ ಕಂಡಾಗ ಯಂತ್ರವು ತೆರೆಯುವ ಬದಲು ಪಾಳಿಯಲ್ಲಿರುವವರಿಗೆ ಸೂಚನೆ ಕಳುಹಿಸಲಿ, ಸೂಚನೆಯಲ್ಲೇ ಲಾಕ್ ಮಾಹಿತಿಯೂ ಸತ್ತ ಜಾಬ್‌ನ ಕೊಂಡಿಯೂ ಇರಲಿ. ತೆರೆಯುವುದು ಒಂದು ನಿಮಿಷದ ಕೆಲಸ. ಸತ್ತ ಜಾಬ್ ಏನನ್ನು ಅರ್ಧಕ್ಕೆ ಬಿಟ್ಟಿದೆ ಎಂದು ನೋಡುವುದೇ ನಿಜವಾದ ಕೆಲಸ, ಅದನ್ನು ಸ್ಕ್ರಿಪ್ಟ್ ಮಾಡಲಾರದು.

ನಿಶಾಚರ

ಪರೀಕ್ಷಾ ಪರಿಸರಗಳಲ್ಲಿ ತಾನಾಗಿ ತೆರೆಯುವುದನ್ನು ನಾನು ಮುಂದುವರಿಸುತ್ತೇನೆ. ಉತ್ಪಾದನೆಯ ಪರಿಸರಕ್ಕೆ ನಿಮ್ಮ ಮಾತು ಒಪ್ಪಿತ.

ಅಳಿಲು

ಇದಕ್ಕೆ ಹತ್ತಿರದ ಇನ್ನೊಂದು ಪ್ರಶ್ನೆ. ನಮ್ಮ ಪೈಪ್‌ಲೈನ್ ಹಸಿರಾಗಿಯೇ ಮುಗಿಯುತ್ತದೆ, ಆದರೆ ಕೆಲವೊಮ್ಮೆ ಏನೂ ಬದಲಾಗಿರುವುದಿಲ್ಲ. ಲಾಗ್ ತೆರೆದು ನೋಡಿದರೆ ನಡುವೆ ಕೆಂಪು ದೋಷವಿರುತ್ತದೆ. ಅಪ್ಲೈ ಫಲಿತಾಂಶವನ್ನು ಟೀ ಆದೇಶಕ್ಕೆ ಪೈಪ್ ಮಾಡಿ ಫೈಲಿಗೂ ಉಳಿಸುತ್ತೇವೆ, ಅದನ್ನು ಬಿಟ್ಟರೆ ವಿಶೇಷವೇನೂ ಇಲ್ಲ.

ನಿಶಾಚರ

ವಿಶೇಷ ಅಲ್ಲಿಯೇ ಇದೆ. ಪೈಪ್ ಇದ್ದಾಗ ಬ್ಯಾಷ್ (ಆದೇಶಗಳನ್ನು ಓಡಿಸುವ ಶೆಲ್) ರೂಢಿಯಾಗಿ ಕೊನೆಯ ಆದೇಶದ ನಿರ್ಗಮನ ಸಂಖ್ಯೆಯನ್ನೇ ಹಿಂದಿರುಗಿಸುತ್ತದೆ. ಟೆರಾಫಾರ್ಮ್ ಸೋತರೂ ಟೀ ಗೆದ್ದಿರುತ್ತದೆ, ಆದ್ದರಿಂದ ಹಂತ ಹಸಿರು. ಪೈಪ್‌ಫೇಲ್ ಆಯ್ಕೆ ಇದ್ದರೆ ಪೈಪಿನ ಯಾವ ಭಾಗ ಸೋತರೂ ಹಂತ ಸೋಲುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ಇದು ಬಹಳ ಜನರನ್ನು ಕಾಡಿದೆ. ಲಿನಕ್ಸ್ ರನ್ನರ್ ಮೇಲೆ ಶೆಲ್ ಯಾವುದೆಂದು ಬರೆಯದೆ ಬಿಟ್ಟರೆ ಗಿಟ್‌ಹಬ್ ಆಕ್ಷನ್ಸ್ ಬ್ಯಾಷ್ ಅನ್ನು ಇ ಆಯ್ಕೆಯೊಂದಿಗೆ (ಆದೇಶ ಸೋತರೆ ಅಲ್ಲಿಗೇ ನಿಲ್ಲಿಸುವ ಆಯ್ಕೆ) ಮಾತ್ರ ಓಡಿಸುತ್ತದೆ, ಪೈಪ್‌ಫೇಲ್ ಇರುವುದಿಲ್ಲ. ಶೆಲ್ ಬ್ಯಾಷ್ ಎಂದು ಸ್ಪಷ್ಟವಾಗಿ ಬರೆದರೆ ಪೈಪ್‌ಫೇಲ್ ಕೂಡ ಸೇರುತ್ತದೆ. ಎರಡೂ ಬ್ಯಾಷ್‌ಗಳೇ, ಆದರೆ ನಡತೆ ಬೇರೆ. ಹಾಗಾಗಿ ವರ್ಕ್‌ಫ್ಲೋದ ಮೇಲ್ಭಾಗದಲ್ಲೇ ಡೀಫಾಲ್ಟ್ ಶೆಲ್ ಬ್ಯಾಷ್ ಎಂದು ಬರೆದಿಡುವುದು ಒಳ್ಳೆಯದು.

ಇದರ ತದ್ವಿರುದ್ಧದ ಪ್ರಕರಣವೂ ಇದೆ. ಪ್ಲಾನ್‌ಗೆ ಡಿಟೈಲ್ಡ್-ಎಕ್ಸಿಟ್‌ಕೋಡ್ ಆಯ್ಕೆ ಕೊಟ್ಟರೆ 0 ಎಂದರೆ ಬದಲಾವಣೆ ಇಲ್ಲ, 1 ಎಂದರೆ ದೋಷ, 2 ಎಂದರೆ ಬದಲಾವಣೆಗಳಿವೆ. ಶೆಲ್‌ಗೆ 2 ಕೂಡ ಸೋಲೇ. ದೋಷವೇ ಇಲ್ಲದೆ ಪೈಪ್‌ಲೈನ್ ಕೆಂಪಾಗುತ್ತಿದೆ ಎಂದು ದೂರುವವರು ಮೊದಲು ಇದನ್ನು ನೋಡಬೇಕು.

ಬೆಳ್ಳಿಚುಕ್ಕಿ

ವರದಿ ಮಾಡಲು ಬಂದಿದ್ದೇನೆ. ಕಾನ್‌ಕರೆನ್ಸಿ ಬದಲಾಯಿಸಿದೆವು, ರೋಲ್‌ಗಳನ್ನು ಇಂಪೋರ್ಟ್ ಮಾಡಿದೆವು, ಪ್ಲಾನ್ ಈಗ ಸ್ವಚ್ಛವಾಗಿದೆ. ಜೊತೆಗೆ, ಅಪ್ಲೈಗೆ ಮುನ್ನ ಒಬ್ಬರು ಅನುಮೋದಿಸಲಿ ಎಂದು ಜಾಬ್‌ಗೆ ಪ್ರೊಡಕ್ಷನ್ ಎಂಬ ಎನ್ವಿರಾನ್‌ಮೆಂಟ್ ಸೇರಿಸಿದೆವು. ಅದಾದ ಕೂಡಲೇ ಹೊಸ ದೋಷ: "ನಾಟ್ ಆಥರೈಸ್ಡ್ ಟು ಪರ್ಫಾರ್ಮ್ ಎಸ್‌ಟಿಎಸ್ ಅಸ್ಯೂಮ್ ರೋಲ್ ವಿತ್ ವೆಬ್ ಐಡೆಂಟಿಟಿ". ಐಎಎಂ ಕಡೆ ನಾವು ಒಂದಕ್ಷರವನ್ನೂ ಬದಲಿಸಿಲ್ಲ. ನಿನ್ನೆಯವರೆಗೆ ಇದೇ ರೋಲ್ ಸರಿಯಾಗಿ ಸಿಗುತ್ತಿತ್ತು.

ಕಾವಲುಗಾರ

ಬದಲಾದದ್ದು ಐಎಎಂ ಅಲ್ಲ, ಗಿಟ್‌ಹಬ್ ಕೊಡುವ ಟೋಕನ್. ಓಐಡಿಸಿ (ಕಾಯಂ ಗುಪ್ತಪದವಿಲ್ಲದೆ ಟೋಕನ್ ತೋರಿಸಿ ಗುರುತು ಸಾಬೀತುಪಡಿಸುವ ವಿಧಾನ) ಮೂಲಕ ರೋಲ್ ಪಡೆಯುವಾಗ ಗಿಟ್‌ಹಬ್ ಒಂದು ಟೋಕನ್ ಕೊಡುತ್ತದೆ, ಅದರಲ್ಲಿ ಸಬ್ ಎಂಬ ಕ್ಷೇತ್ರವಿರುತ್ತದೆ. ಸಾಮಾನ್ಯ ಜಾಬ್‌ನಲ್ಲಿ ರೆಪೊ ಹೆಸರಿನ ನಂತರ ರೆಫ್ ಎಂದೂ ಬ್ರಾಂಚಿನ ಪೂರ್ಣ ಹೆಸರೂ ಅದರಲ್ಲಿ ಬರುತ್ತವೆ. ಜಾಬ್‌ಗೆ ಎನ್ವಿರಾನ್‌ಮೆಂಟ್ ಸೇರಿಸಿದ ಕ್ಷಣದಿಂದ ಬ್ರಾಂಚಿನ ಭಾಗ ಹೋಗಿ ಆ ಜಾಗದಲ್ಲಿ ಎನ್ವಿರಾನ್‌ಮೆಂಟ್ ಎಂಬ ಪದವೂ ಅದರ ಹೆಸರೂ ಬರುತ್ತವೆ. ಪುಲ್ ರಿಕ್ವೆಸ್ಟ್‌ನಿಂದ ಓಡಿದರೆ ಅದು ಮತ್ತೊಂದು ರೂಪ. ನಿಮ್ಮ ರೋಲ್‌ನ ಟ್ರಸ್ಟ್ ಪಾಲಿಸಿ (ರೋಲ್ ಅನ್ನು ಯಾರು ಪಡೆಯಬಹುದೆಂಬ ನಿಯಮ) ಮೇನ್ ಬ್ರಾಂಚಿನ ರೂಪವನ್ನು ಮಾತ್ರ ಒಪ್ಪುತ್ತಿರಬೇಕು, ಆದ್ದರಿಂದ ನಿರಾಕರಿಸುತ್ತಿದೆ. ಊಹಿಸುತ್ತ ಕೂರುವ ಅಗತ್ಯವಿಲ್ಲ: ಕ್ಲೌಡ್‌ಟ್ರೇಲ್‌ನಲ್ಲಿ (ಎಡಬ್ಲ್ಯುಎಸ್ ಕರೆಗಳ ದಾಖಲೆ) ಆ ವಿಫಲ ಕರೆಯನ್ನು ತೆರೆದರೆ ಬಂದ ಸಬ್ ಯಾವುದು ಎಂದು ಅಲ್ಲಿಯೇ ಕಾಣುತ್ತದೆ, ಅದನ್ನು ಪಾಲಿಸಿಯ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ.

ದಯವಿಟ್ಟು ನಕ್ಷತ್ರ ಚಿಹ್ನೆ ಹಾಕಿ ಎಲ್ಲವನ್ನೂ ಒಪ್ಪುವಂತೆ ಮಾಡಬೇಡಿ. ಈ ದೋಷಕ್ಕೆ ಅಂತರ್ಜಾಲದಲ್ಲಿ ಸಿಗುವ ಅರ್ಧದಷ್ಟು ಉತ್ತರಗಳು ಅದನ್ನೇ ಹೇಳುತ್ತವೆ ಎಂದು ನನಗೆ ಅನಿಸಿದೆ. ಸಬ್ ಷರತ್ತನ್ನೇ ತೆಗೆದುಬಿಟ್ಟರೆ ಗಿಟ್‌ಹಬ್‌ನಲ್ಲಿರುವ ಯಾರ ರೆಪೊ ಬೇಕಾದರೂ ನಿಮ್ಮ ರೋಲ್ ಕೇಳಬಹುದು. ಎನ್ವಿರಾನ್‌ಮೆಂಟ್‌ನ ರೂಪವನ್ನು ಮಾತ್ರ ಬರೆಯಿರಿ, ಮತ್ತು ಯಾವ ಬ್ರಾಂಚಿನಿಂದ ಆ ಎನ್ವಿರಾನ್‌ಮೆಂಟ್‌ಗೆ ನಿಯೋಜಿಸಬಹುದು ಎಂಬ ನಿರ್ಬಂಧವನ್ನು ಗಿಟ್‌ಹಬ್ ಕಡೆ ಹಾಕಿ, ಏಕೆಂದರೆ ಈಗ ಬ್ರಾಂಚಿನ ಹೆಸರು ಎಡಬ್ಲ್ಯುಎಸ್ ನೋಡುವ ಸಬ್‌ನಲ್ಲಿ ಇಲ್ಲ.

ದೋಷ ಹುಡುಕುವಾಗಿನ ಇನ್ನೊಂದು ಎಚ್ಚರಿಕೆ. ಟಿಎಫ್ ಲಾಗ್ (ಟೆರಾಫಾರ್ಮ್ ಎಷ್ಟು ವಿವರ ದಾಖಲಿಸಬೇಕೆಂಬ ಆಯ್ಕೆ) ಅನ್ನು ಡೀಬಗ್ ಮಟ್ಟಕ್ಕೆ ಏರಿಸಿ ಪೈಪ್‌ಲೈನ್ ಓಡಿಸಿದರೆ ಕರೆಗಳ ಒಳಗಿನ ರಹಸ್ಯಗಳೂ ಲಾಗ್‌ಗೆ ಬೀಳಬಹುದು. ಲಾಗ್ ಎಂಬುದು ಸೋರುವ ಜಾಗವೆಂದು 2025ರ ಮಾರ್ಚ್‌ನಲ್ಲಿ ಎಲ್ಲರೂ ಕಂಡಿದ್ದೇವೆ: ಟಿಜೆ-ಆಕ್ಷನ್ಸ್‌ನ ಚೇಂಜ್ಡ್-ಫೈಲ್ಸ್ ಎಂಬ ಆಕ್ಷನ್‌ನ ಟ್ಯಾಗ್‌ಗಳನ್ನು ದುಷ್ಕರ್ಮಿಗಳು ಬೇರೆ ಕಮಿಟ್‌ಗೆ ತಿರುಗಿಸಿ, ಅದನ್ನು ಬಳಸಿದ ಪೈಪ್‌ಲೈನ್‌ಗಳ ರಹಸ್ಯಗಳು ಲಾಗ್‌ನಲ್ಲಿ ಅಚ್ಚಾಗುವಂತೆ ಮಾಡಿದ್ದರು. ಟ್ಯಾಗ್ ನಂಬದೆ ಪೂರ್ಣ ಕಮಿಟ್ ಹ್ಯಾಶ್ ಬರೆದಿದ್ದವರಿಗೆ ಹಳೆಯ ಕೋಡೇ ಓಡಿತು.

ಸೂತ್ರಧಾರ

ಕಾವಲುಗಾರರು ಓಐಡಿಸಿ ಎತ್ತಿದ್ದರಿಂದ ಒಂದು ಮಾತು ಸೇರಿಸುತ್ತೇನೆ, ಇದು ಬೆಳ್ಳಿಚುಕ್ಕಿಯವರ ಮೊದಲ ಸಮಸ್ಯೆಗೇ ನೇರವಾಗಿ ಸಂಬಂಧಿಸಿದ್ದು. ಹೀಗೆ ಪಡೆದ ತಾತ್ಕಾಲಿಕ ಗುರುತು ಸಾಮಾನ್ಯವಾಗಿ ಒಂದು ಗಂಟೆ ಬಾಳುತ್ತದೆ. ನಿಮ್ಮ ಅಪ್ಲೈ ಅದಕ್ಕಿಂತ ಹೆಚ್ಚು ಹೊತ್ತು ನಡೆದರೆ ನಡುವೆ "ಎಕ್ಸ್‌ಪೈರ್ಡ್ ಟೋಕನ್" ಬರುತ್ತದೆ. ಇಲ್ಲಿ ಜನ ನೋಡದೆ ಹೋಗುವುದು ಮುಂದಿನದು: ಸ್ಟೇಟ್ ಬರೆಯಲೂ ಅದೇ ಗುರುತು ಬೇಕು, ಲಾಕ್ ಬಿಡಲೂ ಅದೇ ಗುರುತು ಬೇಕು. ಎರಡೂ ವಿಫಲವಾಗುತ್ತವೆ. ಟೆರಾಫಾರ್ಮ್ ಆಗ ಸ್ಟೇಟ್ ಅನ್ನು ಎರರ್ಡ್ ಡಾಟ್ ಟಿಎಫ್‌ಸ್ಟೇಟ್ ಎಂಬ ಸ್ಥಳೀಯ ಫೈಲಿಗೆ ಬರೆದು, ಅದನ್ನು ಸ್ಟೇಟ್ ಪುಶ್ ಮೂಲಕ ಮೇಲಕ್ಕೆ ಕಳುಹಿಸಿ ಎಂದು ಹೇಳುತ್ತದೆ. ಲ್ಯಾಪ್‌ಟಾಪ್‌ನಲ್ಲಾದರೆ ಸರಿ. ಜಾಬ್ ಮುಗಿದೊಡನೆ ಅಳಿಸಿಹೋಗುವ ರನ್ನರ್ ಮೇಲೆ ಆ ಫೈಲ್ ಯಂತ್ರದ ಜೊತೆಗೇ ಮಣ್ಣಾಗುತ್ತದೆ. ಯಾರೂ ಏನನ್ನೂ ರದ್ದು ಮಾಡದಿದ್ದರೂ ಅದೇ ಅನಾಥ ಲಾಕ್, ಅದೇ ಸ್ಟೇಟ್‌ನಲ್ಲಿಲ್ಲದ ಸಂಪನ್ಮೂಲ.

ರೋಲ್‌ನ ಗರಿಷ್ಠ ಅವಧಿಯನ್ನು ಹನ್ನೆರಡು ಗಂಟೆಯವರೆಗೆ ಏರಿಸಲು ಅವಕಾಶವಿದೆ, ಆದರೆ ಏರಿಸಿದ ಮೇಲೆ ವರ್ಕ್‌ಫ್ಲೋದಲ್ಲೂ ಆ ಅವಧಿಯನ್ನು ಕೇಳಬೇಕು, ಇಲ್ಲದಿದ್ದರೆ ಮತ್ತೆ ಒಂದು ಗಂಟೆಯೇ ಸಿಗುತ್ತದೆ. ಒಂದು ರೋಲ್‌ನಿಂದ ಇನ್ನೊಂದು ರೋಲ್‌ಗೆ ಜಿಗಿಯುವ ವ್ಯವಸ್ಥೆಯಾದರೆ ಒಂದು ಗಂಟೆಯ ಮಿತಿಯನ್ನು ದಾಟಲು ಬರುವುದಿಲ್ಲ. ಆ ಎರರ್ಡ್ ಫೈಲನ್ನು ಜಾಬ್ ಸೋತಾಗ ಆರ್ಟಿಫ್ಯಾಕ್ಟ್ (ಜಾಬ್ ಮುಗಿದ ಮೇಲೂ ಗಿಟ್‌ಹಬ್‌ನಲ್ಲಿ ಉಳಿಯುವ ಫೈಲ್) ಆಗಿ ಉಳಿಸಿಕೊಳ್ಳಬಹುದು ಎಂದು ಸಲಹೆ ನೀಡುವವರಿದ್ದಾರೆ. ಸ್ಟೇಟ್ ಫೈಲಿನಲ್ಲಿ ಪಾಸ್‌ವರ್ಡ್‌ಗಳು ಬರಿ ಅಕ್ಷರಗಳಲ್ಲೇ ಇರುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ಒಂದು ಗಂಟೆ ಹಿಡಿಯುವ ಅಪ್ಲೈಯನ್ನು ನೆಟ್‌ವರ್ಕ್, ಡೇಟಾಬೇಸ್, ಅಪ್ಲಿಕೇಶನ್ ಎಂದು ಪ್ರತ್ಯೇಕ ಸ್ಟೇಟ್‌ಗಳಿಗೆ ಒಡೆಯುವುದು ನನಗೆ ಹೆಚ್ಚು ಸರಿ ಎನಿಸುತ್ತದೆ. ಎಸ್3 ಬಕೆಟ್‌ನಲ್ಲಿ ವರ್ಷನಿಂಗ್ (ಫೈಲಿನ ಹಳೆಯ ಪ್ರತಿಗಳನ್ನು ಉಳಿಸುವ ವ್ಯವಸ್ಥೆ) ಇಲ್ಲದಿದ್ದರೆ ಇಂದೇ ಹಾಕಿ.

ಹಳೆಬೇರು

ನಾವು ಟೆರಾಫಾರ್ಮ್ ಬಳಸುವುದಿಲ್ಲ, ಎಲ್ಲವೂ ಎಡಬ್ಲ್ಯುಎಸ್‌ನದೇ ಸಾಧನವಾದ ಕ್ಲೌಡ್‌ಫಾರ್ಮೇಶನ್. ಸ್ಟೇಟ್ ಫೈಲೂ ಇಲ್ಲ, ಲಾಕೂ ಇಲ್ಲ. ಹಾಗಾದರೆ ಈ ಗೋಜಲುಗಳಿಂದ ನಾವು ಪಾರು ಎನ್ನಬಹುದೇ?

ನಿಶಾಚರ

ಲೆಕ್ಕಪತ್ರ ಇಡುವ ಕೆಲಸ ಎಡಬ್ಲ್ಯುಎಸ್ ಕಡೆಗೆ ಹೋಗಿದೆ, ಗೋಜಲು ಹೋಗಿಲ್ಲ. ಪೈಪ್‌ಲೈನ್ ಸತ್ತರೂ ಸ್ಟ್ಯಾಕ್‌ನ (ಒಟ್ಟಿಗೆ ಕಟ್ಟುವ ಸಂಪನ್ಮೂಲಗಳ ಗುಂಪು) ಕೆಲಸ ಅಲ್ಲಿ ಮುಂದುವರಿಯುತ್ತದೆ ಎಂಬುದು ನಿಜವಾದ ಅನುಕೂಲ. ಆದರೆ ಮೊದಲ ಬಾರಿಯ ಸೃಷ್ಟಿಯೇ ಸೋತು ಸ್ಟ್ಯಾಕ್ "ರೋಲ್‌ಬ್ಯಾಕ್ ಕಂಪ್ಲೀಟ್" ಸ್ಥಿತಿಗೆ ಬಂದರೆ ಅದನ್ನು ಅಪ್‌ಡೇಟ್ ಮಾಡಲು ಬರುವುದಿಲ್ಲ, ಅಳಿಸಿ ಮತ್ತೆ ಮಾಡಬೇಕು. ಪೈಪ್‌ಲೈನ್ ಅನ್ನು ಎಷ್ಟು ಸಲ ಓಡಿಸಿದರೂ ಅದೇ ಉತ್ತರ. "ಅಪ್‌ಡೇಟ್ ರೋಲ್‌ಬ್ಯಾಕ್ ಫೇಲ್ಡ್" ಇನ್ನೂ ಕಷ್ಟದ್ದು. ಸಾಮಾನ್ಯವಾಗಿ ಯಾರೋ ಕನ್ಸೋಲ್‌ನಲ್ಲಿ ಕೈಯಾಡಿಸಿ, ಹಿಂದಿನ ಸ್ಥಿತಿಗೆ ಮರಳಲು ಬೇಕಾದ ಸಂಪನ್ಮೂಲವನ್ನೇ ಅಳಿಸಿರುತ್ತಾರೆ. ತೊಡಕನ್ನು ನಿವಾರಿಸಿ ಕಂಟಿನ್ಯೂ-ಅಪ್‌ಡೇಟ್-ರೋಲ್‌ಬ್ಯಾಕ್ ಕೊಡಬೇಕು, ತೀರ ಅನಿವಾರ್ಯವಾದರೆ ಮಾತ್ರ ಆ ಸಂಪನ್ಮೂಲವನ್ನು ಬಿಟ್ಟು ಮುಂದುವರಿಯುವಂತೆ ಹೇಳಬೇಕು.

ಮತ್ತೊಂದು ಮಾತು. ಕ್ಲೌಡ್‌ಫಾರ್ಮೇಶನ್ ಘಟನೆಗಳ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ. ಹೊಸದು ಮೇಲಿರುವುದರಿಂದ ಮೊದಲು ಕಣ್ಣಿಗೆ ಬೀಳುವ ಕೆಂಪು ಸಾಲುಗಳಲ್ಲಿ ಬಹಳಷ್ಟು "ರಿಸೋರ್ಸ್ ಕ್ರಿಯೇಷನ್ ಕ್ಯಾನ್ಸಲ್ಡ್" ಎಂದಿರುತ್ತವೆ. ಅವು ಕಾರಣವಲ್ಲ, ಬೇರೊಂದು ಸೋತದ್ದಕ್ಕಾಗಿ ನಿಲ್ಲಿಸಲ್ಪಟ್ಟವು. ಕಾಲಕ್ರಮದಲ್ಲಿ ಮೊಟ್ಟಮೊದಲು "ಫೇಲ್ಡ್" ಆದ ಸಾಲನ್ನು ಹುಡುಕಿ, ಅಲ್ಲಿ ಅನುಮತಿಯೋ ಮಿತಿಯೋ ಹೆಸರಿನ ಘರ್ಷಣೆಯೋ ಸ್ಪಷ್ಟವಾಗಿ ಬರೆದಿರುತ್ತದೆ.

ಬೆಳ್ಳಿಚುಕ್ಕಿ

ಕಾವಲುಗಾರರು ಹೇಳಿದಂತೆಯೇ ಇತ್ತು. ಟ್ರಸ್ಟ್ ಪಾಲಿಸಿಯಲ್ಲಿ ಎನ್ವಿರಾನ್‌ಮೆಂಟ್‌ನ ರೂಪ ಬರೆದ ಮೇಲೆ ರೋಲ್ ಸಿಕ್ಕಿತು.

ಉಳಿದಿರುವುದು ಎರಡು ವಿಷಯ. ಪರೀಕ್ಷಾ ಪರಿಸರವನ್ನು ಸಂಜೆ ಕೆಡವಿ ಬೆಳಿಗ್ಗೆ ಕಟ್ಟುತ್ತೇವೆ. ಕಟ್ಟುವಾಗ ಸೀಕ್ರೆಟ್ಸ್ ಮ್ಯಾನೇಜರ್‌ನಲ್ಲಿ (ಪಾಸ್‌ವರ್ಡ್‌ನಂಥ ರಹಸ್ಯಗಳನ್ನು ಇಡುವ ಎಡಬ್ಲ್ಯುಎಸ್ ಸೇವೆ), ಈ ಹೆಸರಿನ ರಹಸ್ಯವನ್ನು ಅಳಿಸಲು ಆಗಲೇ ಸಮಯ ಗೊತ್ತುಪಡಿಸಲಾಗಿದೆ, ಆದ್ದರಿಂದ ಹೊಸದನ್ನು ಮಾಡಲಾಗದು ಎಂಬ ದೋಷ ಬರುತ್ತದೆ. ಸ್ಟೇಟ್‌ನಲ್ಲಿ ಅದು ಇಲ್ಲ, ಕನ್ಸೋಲ್‌ನಲ್ಲೂ ಕಾಣುವುದಿಲ್ಲ. ಎರಡನೆಯದು, ಡೈನಮೋಡಿಬಿ ಬಿಟ್ಟು ಎಸ್3ಯದೇ ಲಾಕ್ ಬಳಸಿದರೆ ಅನಾಥ ಲಾಕ್‌ಗಳ ಕಾಟ ತಪ್ಪುತ್ತದೆಯೇ?

ನಿಶಾಚರ

ಮೊದಲನೆಯದಕ್ಕೆ: ಸೀಕ್ರೆಟ್ಸ್ ಮ್ಯಾನೇಜರ್ ರಹಸ್ಯವನ್ನು ಕೂಡಲೇ ಅಳಿಸುವುದಿಲ್ಲ. ರೂಢಿಯಾಗಿ 30 ದಿನ ಉಳಿಸಿಕೊಳ್ಳುತ್ತದೆ, ಅಷ್ಟು ದಿನ ಆ ಹೆಸರು ಬಿಡುವಾಗುವುದಿಲ್ಲ. ಪರೀಕ್ಷಾ ಪರಿಸರದಲ್ಲಿ ಮಾತ್ರ ರಿಕವರಿ ವಿಂಡೋ ಇನ್ ಡೇಸ್ ಎಂಬುದನ್ನು 0 ಮಾಡಿ. ಈಗ ಸಿಕ್ಕಿಹಾಕಿಕೊಂಡಿರುವುದನ್ನು ರಿಸ್ಟೋರ್ ಮಾಡಿ ಇಂಪೋರ್ಟ್ ಮಾಡಿಕೊಳ್ಳಿ. ಉತ್ಪಾದನೆಯಲ್ಲಿ ಆ 30 ದಿನವನ್ನು ಮುಟ್ಟಬೇಡಿ.

ಸೂತ್ರಧಾರ

ಎರಡನೆಯದಕ್ಕೆ: ತಪ್ಪುವುದಿಲ್ಲ. ಟೆರಾಫಾರ್ಮ್ 1.10ರಲ್ಲಿ ಯೂಸ್ ಲಾಕ್‌ಫೈಲ್ ಎಂಬ ಆಯ್ಕೆ ಪ್ರಾಯೋಗಿಕವಾಗಿ ಬಂದು, 1.11ರಲ್ಲಿ ಸ್ಥಿರವಾಯಿತು, ಡೈನಮೋಡಿಬಿ ಮೂಲಕ ಲಾಕ್ ಮಾಡುವುದನ್ನು ಕೈಬಿಡಲಾಗುವುದೆಂದು ಆಗಲೇ ಸೂಚಿಸಲಾಯಿತು. ಆದ್ದರಿಂದ ಬದಲಾಯಿಸುವುದು ಹೇಗೂ ಒಳ್ಳೆಯದು. ಸಾಕಬೇಕಾದ ಟೇಬಲ್ ಒಂದು ಕಡಿಮೆಯಾಗುತ್ತದೆ. ಆದರೆ ಅಲ್ಲಿ ಲಾಕ್ ಎಂದರೆ ಸ್ಟೇಟ್ ಪಕ್ಕದಲ್ಲಿ ಕೂರುವ ಟಿಎಫ್‌ಲಾಕ್ ಫೈಲ್. ಪ್ರಕ್ರಿಯೆ ಸತ್ತರೆ ಅದೂ ಅಲ್ಲೇ ಉಳಿಯುತ್ತದೆ. ಬದಲಾಯಿಸುವ ಅವಧಿಯಲ್ಲಿ ಎರಡೂ ಆಯ್ಕೆಗಳನ್ನು ಒಟ್ಟಿಗೆ ಇಡಬಹುದು, ಆಗ ಎರಡು ಕಡೆಯೂ ಲಾಕ್ ಹಿಡಿಯುತ್ತದೆ, ಹಳೆಯ ಬ್ರಾಂಚುಗಳಿಂದ ಓಡುವ ಜಾಬ್‌ಗಳೂ ಸುರಕ್ಷಿತ. ಲಾಕ್ ಫೈಲನ್ನು ಅಳಿಸುವ ಅನುಮತಿ ಪೈಪ್‌ಲೈನ್ ರೋಲ್‌ಗೆ ಇದೆಯೇ ಎಂದು ಮೊದಲೇ ನೋಡಿ. ಅದಿಲ್ಲದಿದ್ದರೆ ಹಿಡಿದ ಲಾಕನ್ನು ಬಿಡಲಾಗದೆ ಮೊದಲ ಓಟವೇ ಅನಾಥ ಲಾಕ್ ಮಾಡಿಬಿಡುತ್ತದೆ.

ಕಾನ್‌ಕರೆನ್ಸಿಯ ಬಗ್ಗೆ ಬಿಟ್ಟುಹೋದ ಒಂದು ಅಂಶ: ಕ್ಯಾನ್ಸಲ್-ಇನ್-ಪ್ರೋಗ್ರೆಸ್ ಫಾಲ್ಸ್ ಇದ್ದರೂ ರೂಢಿಯ ನಡವಳಿಕೆಯಲ್ಲಿ ಒಂದು ಗುಂಪಿನಲ್ಲಿ ಓಡುವುದು ಒಂದು, ಕಾಯುವುದು ಒಂದು. ಮೂರನೆಯದು ಬಂದರೆ ಕಾಯುತ್ತಿದ್ದದ್ದು ರದ್ದಾಗುತ್ತದೆ. ಅದು ಇನ್ನೂ ಆರಂಭವಾಗಿರದ ಕಾರಣ ಲಾಕ್‌ಗೆ ಹಾನಿಯಿಲ್ಲ, ಮೇನ್ ಬ್ರಾಂಚಿನ ಹೊಸ ಕಮಿಟ್‌ನಲ್ಲಿ ಹಳೆಯ ಬದಲಾವಣೆಯೂ ಇರುವುದರಿಂದ ಏನೂ ತಪ್ಪಿಹೋಗುವುದೂ ಇಲ್ಲ. ಆದರೆ ಕಾಯುತ್ತಿದ್ದ ಓಟದ ಪ್ಲಾನ್ ಓದಿ ಒಬ್ಬರು ಒಪ್ಪಿಗೆ ಕೊಟ್ಟಿದ್ದರೆ, ಆ ಒಪ್ಪಿಗೆ ಹೊಸ ಓಟಕ್ಕೆ ಸಲ್ಲುವುದಿಲ್ಲ. ಹೊಸ ಪ್ಲಾನ್ ಅನ್ನು ಮತ್ತೆ ಓದಬೇಕು.

ಬೆಳ್ಳಿಚುಕ್ಕಿ

ಅಳಿಸುವ ಅನುಮತಿ ಇರಲಿಲ್ಲ. ಟಿಎಫ್‌ಲಾಕ್ ಫೈಲಿನ ಹಾದಿಗೆ ಮಾತ್ರ ಸೇರಿಸಿದ್ದೇವೆ, ಸ್ಟೇಟ್ ಫೈಲನ್ನು ಅಳಿಸುವ ಅನುಮತಿ ಕೊಟ್ಟಿಲ್ಲ. ಎರಡೂ ಲಾಕ್‌ಗಳನ್ನು ಒಟ್ಟಿಗೆ ಇಟ್ಟು ಓಡಿಸುತ್ತಿದ್ದೇವೆ. ಹಳೆಯ ಬ್ರಾಂಚುಗಳೆಲ್ಲ ಸೇರಿದ ಮೇಲೆ ಟೇಬಲ್ ತೆಗೆಯುತ್ತೇವೆ.